ತಲೆಗೆ ಕೊಟ್ಟ ಗುಳಿಗೆ ಎದೆಗೆ ಇಳಿದದ್ದು

ಪ್ರಜ್ಞಾ, ಸಮ್ಯಕ್,

ಬೀದರಿನ ಆಸ್ಪತ್ರೆಯಲ್ಲಿ ನಾನು ಡಾಕ್ಟರರ ಮುಂದೆ ಕೂಗಾಡಿದ ಸಂಗತಿಯನ್ನು ನಿಮ್ಮ ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಎದ್ದು ನಿಂತು, ಟವೆಲನ್ನು ತಲೆಯ ಮೇಲೆ ಸೆರಗಿನ ಹಾಗೆ ಹೊದ್ದು, ನನ್ನ ದನಿಯಲ್ಲೇ ಮಾಡಿ ತೋರಿಸುತ್ತಾನೆ. ನೀವು ಹೊಟ್ಟೆ ಹಿಡಿದು ನಗುತ್ತೀರಿ. ನಾನೂ ಬಾಯಿಗೆ ಸೆರಗು ಹಿಡಿದು ನಗುತ್ತೇನೆ. ಆದರೆ ಅವನು ಕೂಗಾಟದಿಂದ ಶುರು ಮಾಡಿ ಕೂಗಾಟಕ್ಕೇ ಮುಗಿಸಿಬಿಡುತ್ತಾನೆ. ಅದಕ್ಕೆ ಮುಂಚಿನ ತಿಂಗಳುಗಳು ಅವನ ಮಾತಿನಲ್ಲಿ ಬರುವುದೇ ಇಲ್ಲ. ಹಾಗಾಗಿ ಕೇಳಿದವರಿಗೆ, ಈ ಮುದುಕಿಗೆ ಆ ದಿನ ತಲೆ ಕೆಟ್ಟಿತ್ತು ಅಂತಲೇ ಅನಿಸಬೇಕು.

ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಬರೆಯುವುದಾದರೆ ಬರೆಯಬಲ್ಲೆ. ಠಾಣಾ ಕುಶನೂರಿನ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವಳು ನಾನು. ನಮ್ಮ ಓಣಿಯ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದವರು ಆಗ ಇರಲಿಲ್ಲ. ಆದ್ದರಿಂದ ನಿಮ್ಮ ಅಪ್ಪ ಬಿಟ್ಟ ಭಾಗವನ್ನು ನಾನು ಬರೆದಿಡುತ್ತೇನೆ.

ನನ್ನ ಗಂಡ, ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಭಾಲ್ಕಿಗೆ, ನಿಮ್ಮ ಮನೆಗೆ ಬಂದೆ. ಬಂದ ವರ್ಷವೇ ಮೊದಲ ಫಿಟ್ಸ್ ಬಂತು. ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಎಡಗೈಯ ಬೆರಳುಗಳು ತಾವಾಗಿಯೇ ಒಳಗೆ ಮಡಚಿಕೊಳ್ಳತೊಡಗಿದವು. ನಾನು ಬಿಡಿಸುತ್ತೇನೆ, ಅವು ಮಡಚಿಕೊಳ್ಳುತ್ತವೆ. ಬಾಯಲ್ಲಿ ತಾಮ್ರದ ಕೊಡ ನೆಕ್ಕಿದಂಥ ರುಚಿ. ನಿಮ್ಮ ಅವ್ವನನ್ನು ಕರೆಯಬೇಕೆಂದು ಬಾಯಿ ತೆರೆದೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ. ಕೈಕಾಲು ಝಾಡಿಸಿದೆನಂತೆ, ಬಾಯಲ್ಲಿ ನೊರೆ ಬಂತಂತೆ. ಎಚ್ಚರವಾದಾಗ ಸಂಜೆ. ನಾಲಿಗೆ ಹರಿದಿತ್ತು. ಯಾರೋ ಗೋಧಿ ಚೀಲದ ಹಾಗೆ ನನ್ನನ್ನು ಎತ್ತಿ ಎತ್ತಿ ಒಗೆದಂತೆ ಮೈಯೆಲ್ಲ ನೋವು. ನಿಮ್ಮ ಅವ್ವನ ಮುಖ ನೋಡಿ "ಯಾರ್ ನೀ?" ಎಂದು ಕೇಳಿದೆನಂತೆ. ಆಕೆ ಅದಕ್ಕೆ ಅತ್ತಳು. ಮಾರನೆಯ ದಿನ ಮಧ್ಯಾಹ್ನದ ತನಕ ನಾನು ಮಲಗಿಯೇ ಇದ್ದೆ.

ಬೀದರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದರು. ಮಿದುಳಿನಲ್ಲಿ ಹಳೆಯದೊಂದು ಕಲೆ ಇದೆ, ನನಗೆ ಗೊತ್ತಿಲ್ಲದಂತೆ ಯಾವಾಗಲೋ ರಕ್ತ ಹೆಪ್ಪುಗಟ್ಟಿ ಹೋಗಿದೆ, ಅದರಿಂದ ಫಿಟ್ಸ್ ಎಂದರು. ಗುಳಿಗೆ ಬರೆದುಕೊಟ್ಟರು. ಮುಂದಿನದನ್ನು ಭಾಲ್ಕಿಯಲ್ಲೇ ತೋರಿಸಿದರೆ ಸಾಕು ಅಂದರು. ಇನ್ನೊಂದು ಸಲ ಫಿಟ್ಸ್ ಬಂದಾಗ ಭಾಲ್ಕಿಯ ಡಾಕ್ಟರರು ಗುಳಿಗೆ ಸ್ವಲ್ಪ ಹೆಚ್ಚು ಮಾಡಿದರು. ಆಮೇಲೆ ಬರಲಿಲ್ಲ. ಆ ಗುಳಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ತನಗೆ ಹೇಳಿದ ಕೆಲಸವನ್ನು ಮಾಡಿತು. ಹೇಳದ ಕೆಲಸವನ್ನೂ ಮಾಡಿತು, ಅದು ಬೇರೆ ಮಾತು.

ಒಂದು ಮುಂಜಾನೆ ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುತ್ತಿದ್ದೆ. ಕಣ್ಣ ಮುಂದಿನ ಬೆಳಕು ಯಾರೋ ಕಂದೀಲಿನ ಬತ್ತಿ ಇಳಿಸಿದ ಹಾಗೆ ಇಳಿಯಿತು. ಕೊಡದೊಳಗೆ ತಲೆ ಇಟ್ಟರೆ ಹೇಗೆ ಕೇಳುತ್ತದೋ ಹಾಗೆ ಓಣಿಯ ಸದ್ದು ದೂರವಾಯಿತು. ಬೆರಳು ಮಡಚಲಿಲ್ಲ, ತಾಮ್ರದ ರುಚಿ ಇಲ್ಲ. ಮೊಳಕಾಲು ಸುಮ್ಮನೆ ಕೈಬಿಟ್ಟವು. ಬಿದ್ದೆ.

ಎದುರು ಮನೆಯ ಜೈನಬಿ ನೋಡಿದಳು. ಅವಳು ನಿಮಗೆ ಗೊತ್ತಿರುವವಳೇ, ನನ್ನನ್ನು ಅಕ್ಕಾ ಅನ್ನುತ್ತಾಳೆ, ನಿಮ್ಮ ಅಪ್ಪ ಅವಳನ್ನು ಖಾಲಾ ಅನ್ನುತ್ತಾನೆ. ಫಿಟ್ಸ್ ಬಂದವರ ಕೈಯಲ್ಲಿ ಕಬ್ಬಿಣ ಹಿಡಿಸಬೇಕು ಅನ್ನುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಅದಕ್ಕೆ ಜಾತಿ ಇಲ್ಲ, ಧರ್ಮ ಇಲ್ಲ. ಜೈನಬಿ ಸೊಂಟದಿಂದ ಮನೆಯ ಚಾವಿ ಕಿತ್ತುಕೊಂಡು ಓಡಿಬಂದು ನನ್ನ ಮುಷ್ಟಿಯಲ್ಲಿ ತುರುಕಿದಳು. ನಾನು ಕಣ್ಣು ತೆರೆದೆ.

"ನೋಡ್ರಿ, ನೋಡ್ರಿ! ಚಾವಿ ಹಿಡಿಸೂದೇ ತಡ, ಅಕ್ಕ ಕಣ್ ತೆರದ್ಳು!" ಎಂದು ಅವಳು ಇಡೀ ಓಣಿಗೆ ಕೇಳುವಂತೆ ಹೇಳಿದಳು.

ನನಗೆ ಮೈ ತಣ್ಣಗೆ ಬೆವೆತಿತ್ತು, ಅಷ್ಟೇ. ನಾಲಿಗೆ ಸರಿ ಇತ್ತು. ಅವಳ ಹೆಸರು, ನನ್ನ ಹೆಸರು, ಹಗ್ಗಕ್ಕೆ ಹಾಕಲು ಉಳಿದ ಬಟ್ಟೆ, ಎಲ್ಲ ನೆನಪಿತ್ತು. ಎದ್ದು ಕೂತು, "ಇದು ಫಿಟ್ಸ್ ಅಲ್ಲ ಜೈನಬಿ. ಬ್ಯಾರೆ ಏನೋ ಆಯ್ತು ನನಗ," ಅಂದೆ.

"ನಿಮಗೇನ್ ಗೊತ್ತಾಗ್ತದ ಅಕ್ಕಾ? ನಿಮಗ ಎಚ್ಚರ ಎಲ್ಲಿತ್ತು? ನೋಡ್ದಾಕಿ ನಾ."

ಮಕ್ಕಳೇ, ಮುಂದಿನ ಅಷ್ಟೂ ತಿಂಗಳು ನನ್ನನ್ನು ಕಟ್ಟಿಹಾಕಿದ್ದು ಈ ಒಂದು ಮಾತು. ನಿನಗೆ ಎಚ್ಚರ ಇರಲಿಲ್ಲ, ನಾವು ನೋಡಿದ್ದೇವೆ. ಇದಕ್ಕೆ ಏನು ಉತ್ತರ ಹೇಳಬೇಕು? ನೀವೇ ಹೇಳಿ.

ಸಂಜೆ ನಿಮ್ಮ ಅಪ್ಪ ಕೆಲಸದಿಂದ ಬಂದ. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಭಾನುವಾರ ಬುದ್ಧವಿಹಾರದಲ್ಲಿ ಕೂತು ದೆವ್ವ, ದೃಷ್ಟಿ, ನಿಂಬೆಹಣ್ಣು ಎಲ್ಲ ಸುಳ್ಳು ಅಂತ ಹುಡುಗರಿಗೆ ತಿಳಿಸಿ ಹೇಳುವವನು. ಜೈನಬಿಯ ಚಾವಿಯನ್ನು ಇವನಾದರೂ ಬೈಯುತ್ತಾನೆ ಅಂದುಕೊಂಡೆ.

"ಇದು ಮೂಢನಂಬಿಕಿ ಅಲ್ಲವ್ವಾ," ಅಂದ. "ಇದ್ರಾಗ ಸೈನ್ಸ್ ಅದ. ಫಿಟ್ಸ್ ಅಂದ್ರ ಏನು? ತಲ್ಯಾಗ ಕರೆಂಟ್ ಜಾಸ್ತಿ ಆಗೂದು. ಕಬ್ಬಣ ಅದನ್ನ ಎಳಕೋತದ. ಅರ್ಥಿಂಗ್ ಇದ್ದಂಗ."

"ಅಲ್ಲಪಾ, ಹಿಂದ ಫಿಟ್ಸ್ ಬಂದಾಗ ಸಂಜಿ ತನಕ ಎಚ್ಚರ ಇರ್ಲಿಲ್ಲ ನನಗ. ಈಗ ಬಿದ್ದಲ್ಲೇ ಎದ್ದೀನಿ. ಎರಡೂ ಒಂದೇ ಹ್ಯಾಂಗ ಆಗ್ತಾವ?"

"ಅದಕ್ಕ ಹೇಳ್ಲಕತ್ತೀನಿ. ಆಗ ಚಾವಿ ಹಿಡಿಸಿರ್ಲಿಲ್ಲ, ಈಗ ಹಿಡಿಸ್ಯಾರ."

ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ನಾನು ಬೇಗ ಎದ್ದದ್ದೇ ಇದು ಬೇರೆ ಕಾಯಿಲೆ ಅನ್ನುವುದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಚಾವಿ ತನ್ನದು ಮಾಡಿಕೊಂಡಿತು. ನಾನು ಎಷ್ಟು ಬೇಗ ಎದ್ದರೆ ಅಷ್ಟು ಚಾವಿಗೆ ಹೆಸರು. ಓಣಿಯಲ್ಲಿ ಚಾವಿಯ ಗುಣ ಹೆಚ್ಚಾಯಿತು, ನನ್ನ ಮಾತಿನ ಬೆಲೆ ಇಳಿಯಿತು.

ಭಾಲ್ಕಿಯ ಡಾಕ್ಟರರ ಬಳಿ ಹೋದೆವು. ಅಲ್ಲಿ ಕಾಯುವ ಕೋಣೆ ಎಂದರೆ ಒಂದು ವರಾಂಡ, ಗೋಡೆಗೆ ತಾಗಿಸಿದ ಬೆಂಚು. ಕಾದು ಕಾದು ಒಳಗೆ ಹೋದರೆ, ಡಾಕ್ಟರರು ಕುರ್ಚಿಯನ್ನು ನಿಮ್ಮ ಅಪ್ಪನ ಕಡೆಗೆ ತಿರುಗಿಸಿ ಕೂತಿದ್ದರು. ಒಳ್ಳೆಯ ಮನುಷ್ಯರೇ. ನನ್ನ ಮುಖ ನೋಡಿದರೆ ನನಗೆ ಸಂಕೋಚವಾದೀತು ಅಂತ ನೋಡುತ್ತಿರಲಿಲ್ಲ. ನಾನೂ ಸೆರಗು ಮುಂದೆ ಎಳೆದು ನೆಲ ನೋಡುತ್ತ ಕೂತಿದ್ದೆ. ನಮ್ಮಿಬ್ಬರ ನಡುವೆ ನಿಮ್ಮ ಅಪ್ಪನೇ ಸೇತುವೆ.

"ಫಿಟ್ಸ್ ಬಂತ್ರಿ ಸಾಹೇಬ್ರ. ಕೈಯಾಗ ಚಾವಿ ಹಿಡಿಸಿದ್ವಿ, ಎದ್ದಳ್ರಿ."

ಡಾಕ್ಟರರು ಜೋರಾಗಿ ನಕ್ಕರು. "ಏನ್ರೀ, ನೀವ್ ಓದ್ದವ್ರು! ಚಾವಿ ಹಿಡ್ದ್ರ ಫಿಟ್ಸ್ ಹೋಗ್ತದೇನ್ರಿ? ಹಂಗಿದ್ರ ನಾ ದವಾಖಾನಿ ಮುಚ್ಚಿ ಕೀಲಿ ಅಂಗಡಿ ಇಡ್ತೀನಿ."

ನಿಮ್ಮ ಅಪ್ಪನಿಗೆ ಅವಮಾನವಾಯಿತು. ಅರ್ಥಿಂಗ್ ವಿಷಯ ಹೇಳಹೋದ. ಇಬ್ಬರೂ ಚಾವಿಯ ಮೇಲೆ ಎಷ್ಟೋ ಹೊತ್ತು ವಾದ ಮಾಡಿದರು. ಹಾಗಾದರೆ ಈ ಹೆಂಗಸು ಅಷ್ಟು ಬೇಗ ಎದ್ದಳು ಹೇಗೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಗುಳಿಗೆ ಇನ್ನಷ್ಟು ಹೆಚ್ಚು ಮಾಡಿ ಕಳಿಸಿದರು.

ಗುಳಿಗೆ ಹೆಚ್ಚಾದಂತೆ ಬೀಳುವುದೂ ಹೆಚ್ಚಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದೆ. ಸಂತೆಯಲ್ಲಿ, ಪುಂಡಿಪಲ್ಯೆ ಆರಿಸುತ್ತ ಬಿದ್ದೆ. ಎದ್ದಾಗ ಕೈಯಲ್ಲಿ ಪಲ್ಯೆ ಮಾರುವವಳ ತಕ್ಕಡಿಯ ಕಬ್ಬಿಣದ ಗುಂಡು. ಬಿದ್ದಾಗಲೊಮ್ಮೆ ಯಾರೋ ಏನೋ ತಂದು ಹಿಡಿಸುತ್ತಿದ್ದರು, ನಾನು ಏಳುತ್ತಿದ್ದೆ, ಅವರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸುತ್ತಿದ್ದರು. ಬೀಳದ ದಿನಗಳಲ್ಲೂ ಕಾಲೆಳೆದುಕೊಂಡು ನಡೆಯುವಂತಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಇದನ್ನು ಹೇಳಿದರೆ, ವಯಸ್ಸಾಯಿತಲ್ಲ ಅಂದರು.

ಮನೆಯಲ್ಲಿ ಒಂದೊಂದೇ ಕೆಲಸ ನನ್ನ ಕೈಯಿಂದ ಹೋಯಿತು. ಬೆಂಕಿಯ ಹತ್ತಿರ ಬರಬೇಡಿ ಎಂದು ನಿಮ್ಮ ಅವ್ವ ರೊಟ್ಟಿ ಬಡಿಯುವುದನ್ನು ಬಿಡಿಸಿದಳು. ಔರಾದಿಗೆ, ನನ್ನ ತಂಗಿಯ ಮನೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವುದು ನಿಂತಿತು. ಒಂದು ದಿನ ನೋಡಿದರೆ ನಿಮ್ಮ ಅಪ್ಪ ಬಚ್ಚಲಮನೆಯ ಬಾಗಿಲ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತು ಒಳಗಿನ ಚಿಲಕ ಬಿಚ್ಚುತ್ತಿದ್ದಾನೆ.

"ಒಳಗ ಬಿದ್ರ ಬಾಗಿಲ ಮುರೀಬೇಕಾಗ್ತದವ್ವಾ," ಅಂದ.

ಗಂಡನ ಮುಂದೆಯೂ ತಲೆಯ ಸೆರಗು ಜಾರದಂತೆ ಬಾಳಿದವಳು ನಾನು. ಚಿಲಕವಿಲ್ಲದ ಬಾಗಿಲಿಗೆ ಒಂದು ಕೈ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನೀರು ಹಾಕಿಕೊಂಡು ಸ್ನಾನ ಮಾಡುವಂತಾಯಿತು. ಹೊರಗೆ ನಿಮ್ಮ ಅವ್ವ ನಿಂತು, "ಅತ್ತಿ, ಮಾತಾಡ್ಕೋತ ಇರ್ರಿ, ಸುಮ್ನಾದ್ರ ನಾ ಒಳಗ ಬರ್ತೀನಿ," ಅನ್ನುವಳು. ಸ್ನಾನ ಮಾಡುತ್ತ ಏನು ಮಾತಾಡುವುದು? ನಾನು ಸಿಟ್ಟಿನಿಂದ ಮಗ್ಗಿ ಹೇಳುತ್ತಿದ್ದೆ. ಆಕೆಯ ಪ್ರೀತಿ ನನಗೆ ತಿಳಿಯುತ್ತಿರಲಿಲ್ಲ ಅಂತಲ್ಲ. ತಿಳಿಯುತ್ತಿತ್ತು. ಆದರೆ ಹಾಗೆ ನೋಡಿಕೊಳ್ಳುವವರು ನನ್ನ ಒಂದು ಮಾತನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಜೈನಬಿಯನ್ನು ಕರೆದು ಕೂರಿಸಿಕೊಂಡೆ. "ಜೈನಬಿ, ಇನ್ನೊಂದ್ ಸಲ ನಾ ಬಿದ್ರ ಏನೂ ಹಿಡಿಸಬ್ಯಾಡ. ಸುಮ್ಕ ನೋಡು. ಚಾವಿ ಇಲ್ಲದ ನಾ ಏಳ್ತೀನೋ ಇಲ್ಲೋ ಗೊತ್ತಾಗ್ಲಿ."

ಅವಳು ಎರಡೂ ಕಿವಿ ಮುಟ್ಟಿಕೊಂಡಳು. "ಯಾ ಅಲ್ಲಾ! ನಿಮ್ಮ ಜೀವದ ಕೂಡ ಆಟ ಆಡ್ಲೇನು? ನೀವ್ ಏಳಲಿಲ್ಲಂದ್ರ ನಿಮ್ ಮಗಗ ಏನ್ ಹೇಳ್ಲಿ? ಅಕ್ಕ ಬ್ಯಾಡಂದಿದ್ಳು, ಅದಕ್ಕ ನೋಡ್ಕೋತ ನಿಂತಿದ್ದೆ ಅನ್ಲೇನು?"

ಅವಳ ಮಾತಿನಲ್ಲೂ ತಪ್ಪಿರಲಿಲ್ಲ. ಹೀಗೆ ಯಾರ ಮೇಲೂ ಸಿಟ್ಟು ಮಾಡಲಾಗದೆ ಇರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಆ ವಾರವೇ ಬಚ್ಚಲಲ್ಲಿ ಬಿದ್ದೆ. ನಿಮ್ಮ ಅವ್ವ ಹಾಲಿನವನು ಕರೆದನೆಂದು ಹೊರಗೆ ಹೋಗಿದ್ದಳು. ಯಾರೂ ನೋಡಲಿಲ್ಲ, ಯಾರೂ ಏನೂ ಹಿಡಿಸಲಿಲ್ಲ. ಬಿದ್ದಲ್ಲೇ ಕಣ್ಣು ತೆರೆದೆ. ತಂಬಿಗೆ ಇನ್ನೂ ಉರುಳುತ್ತಿತ್ತು. ನನಗೆ ನೋವಿಗಿಂತ ಖುಷಿ ಹೆಚ್ಚಾಯಿತು ಅಂದರೆ ನಂಬುತ್ತೀರಾ? ಸೀರೆ ಉಟ್ಟುಕೊಂಡು ಬಂದು ಗೆದ್ದವಳ ಹಾಗೆ ಹೇಳಿದೆ: "ಕೈಯಾಗ ಏನೂ ಇರ್ಲಿಲ್ಲ. ನಾ ನಾನೇ ಎದ್ದೀನಿ."

ನಿಮ್ಮ ಅಪ್ಪ ಯೋಚಿಸಿ, "ಹಂಗಿದ್ರ ಅದು ಫಿಟ್ಸ್ ಅಲ್ಲ ಬಿಡು, ಬರೇ ಚಕ್ಕರ್ ಬಂದದ," ಅಂದ.

ಅವರು ನೋಡಿದಾಗ ಬಿದ್ದರೆ ಫಿಟ್ಸ್. ನೋಡದಾಗ ಬಿದ್ದರೆ ಚಕ್ಕರ್. ನಾನು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಮರುದಿನದಿಂದ ಹಾಲಿನವನು ಕರೆದರೂ ನಿಮ್ಮ ಅವ್ವ ಬಚ್ಚಲ ಬಾಗಿಲು ಬಿಟ್ಟು ಕದಲಲಿಲ್ಲ.

ಗುಳಿಗೆಯನ್ನು ಬಿಟ್ಟುಬಿಡಲೇ ಅಂತ ಆ ದಿನಗಳಲ್ಲಿ ಬಹಳ ಸಲ ಅನಿಸಿತು. ನನ್ನ ಮಟ್ಟಿಗೆ ಅದರ ಮೇಲೆಯೇ ಅನುಮಾನ. ಆದರೆ ಗೋಧಿ ಚೀಲದ ಹಾಗೆ ಒಗೆದ ಆ ಮೊದಲ ದಿನ ನೆನಪಾಗಿ ಹೆದರಿ ನುಂಗುತ್ತಿದ್ದೆ. ನುಂಗಿದರೆ ಒಂದು ಭಯ, ಬಿಟ್ಟರೆ ಇನ್ನೊಂದು ಭಯ. ಈಗಲೇ ಸಾಯುತ್ತೇನೇನೋ ಅನಿಸುತ್ತಿತ್ತು. ಸತ್ತರೆ ಇವರು "ಫಿಟ್ಸ್‌ನಿಂದ ಹೋದಳು" ಅಂತಾರೆ, ಆಗಲೂ ಸುಳ್ಳೇ ಉಳಿಯುತ್ತದೆ ಅಂತ ಸಿಟ್ಟು ಬರುತ್ತಿತ್ತು. ಸಾವಿನ ಭಯಕ್ಕಿಂತ ಆ ಸಿಟ್ಟೇ ದೊಡ್ಡದಾಗಿತ್ತು.

ಕೊನೆಗೆ ಭಾಲ್ಕಿಯ ಡಾಕ್ಟರರೇ ಬೀದರಿಗೆ ಹೋಗಿ ಎಂದು ಚೀಟಿ ಕೊಟ್ಟರು. ಬಸ್ಸಿನಲ್ಲಿ ನಿಮ್ಮ ಅಪ್ಪ ಕಿಟಕಿಯ ಸೀಟು ನನಗೆ ಕೊಟ್ಟ. ಹೊರಗೆ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಅವನ ಕಿಸೆಯಲ್ಲಿ ಒಂದು ದೊಡ್ಡ ಚಾವಿ ಇತ್ತು, ನನಗಾಗಿಯೇ ಇಟ್ಟುಕೊಂಡದ್ದು. ಅದು ನನ್ನ ಪಕ್ಕೆಗೆ ಒತ್ತುತ್ತಿತ್ತು.

ಬೀದರಿನ ಆಸ್ಪತ್ರೆಯ ಹಾಲ್‌ನಲ್ಲಿ ಕುರ್ಚಿಗಳಿದ್ದವು, ಆದರೆ ಜನ ನೆಲದ ಮೇಲೂ ಕೂತಿದ್ದರು. ನಮ್ಮ ಪಕ್ಕದಲ್ಲಿ ಬಗದಲ್ ಕಡೆಯ ಒಬ್ಬಾಕೆ ಬುತ್ತಿ ಬಿಚ್ಚಿ, ಕೇಳದೆಯೇ ನನ್ನ ಕೈಯಲ್ಲಿ ಅರ್ಧ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಇಟ್ಟಳು. "ತಿನ್ರಿ, ಇಲ್ಲಿ ಹೆಸರ ಕರೀಬೇಕಾದ್ರ ಹೊತ್ತ ಮುಳುಗ್ತದ," ಅಂದಳು. ನನ್ನ ಕಾಯಿಲೆ ಏನು ಅಂತ ಕೇಳಲಿಲ್ಲ. ಆ ಬಾಯಿಯ, ಆ ಹೆಣ್ಣುಮಗಳ, ಋಣ ನನ್ನ ಮೇಲಿದೆ. ಎಷ್ಟೋ ತಿಂಗಳ ಮೇಲೆ ಯಾರೋ ನನ್ನನ್ನು ಹಸಿದವಳು ಅಂತ ಮಾತ್ರ ನೋಡಿದ್ದರು.

ಒಳಗೆ ಕರೆದರು. ಡಾಕ್ಟರ್ ಹೆಣ್ಣುಮಗಳು, ಚಿಕ್ಕ ವಯಸ್ಸು, ಕಲಬುರ್ಗಿ ಕಡೆಯ ಮಾತು. ಅವರೂ ಕಾಗದ ನೋಡುತ್ತ, "ಹೇಳ್ರಿ, ಏನ್ ಆಗ್ತದ?" ಅಂದರು. ನಿಮ್ಮ ಅಪ್ಪ ಶುರು ಮಾಡಿದ.

"ಫಿಟ್ಸ್ ಬರ್ತಾವ್ರಿ ಮೇಡಮ್. ಗುಳಗಿ ಎಷ್ಟ್ ಹೆಚ್ಚ ಮಾಡಿದ್ರೂ ನಿಲ್ಲವಲ್ಲವು. ನಾ ಸ್ವತಾ ನೋಡೀನ್ರಿ..."

ಆ "ಸ್ವತಾ ನೋಡೀನ್ರಿ" ಕೇಳಿದೊಡನೆ ನನ್ನೊಳಗೆ ಏನೋ ಹರಿಯಿತು. ನಾನು ಎದ್ದು ನಿಂತೆ. ಸೆರಗು ಹೆಗಲಿಗೆ ಜಾರಿತು, ಎಳೆದುಕೊಳ್ಳಲಿಲ್ಲ.

"ನೀ ಏನ್ ನೋಡೀಯೋ? ಬಿದ್ದಾಕಿ ನಾ! ನೆಲಕ್ಕ ಬಡ್ದಿದ್ದು ನನ್ನ ತಲಿ! ನನ್ನ ಕೇಳ್ರಿ ಮೇಡಮ್ಮೋರ, ನನ್ನ ಒಬ್ಬಾಕಿನ್ನ ಬಿಟ್ಟು ಊರೆಲ್ಲಾ ಕೇಳ್ಯಾರ ಇವ್ರು! ಫಿಟ್ಸ್ ಹ್ಯಾಂಗ ಬರ್ತದಂತ ನನಗ ಗೊತ್ತದ. ಇದು ಅದಲ್ಲ! ಅದಲ್ಲ! ಎಷ್ಟ್ ಸಲ ಹೇಳ್ಲಿ?"

ನಿಮ್ಮ ಅಪ್ಪ ಟವೆಲ್ ಹೊದ್ದು ಮಾಡಿ ತೋರಿಸುವುದು ಇಷ್ಟನ್ನು. ಬಾಗಿಲಲ್ಲಿ ಜನ ಇಣುಕಿದರು. ಅಷ್ಟು ಜೋರಾಗಿ ಮಾತಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಈಗ ಹೊರಗೆ ಹಾಕುತ್ತಾರೆ ಅಂದುಕೊಂಡೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೂಡ್ರಿ ಅವ್ವಾ. ನೀವೇ ಹೇಳ್ರಿ. ನೀವ್ ಸ್ವಲ್ಪ ಸುಮ್ಕಿರ್ರಿ," ಎಂದು ನಿಮ್ಮ ಅಪ್ಪನಿಗೂ ಅಂದರು.

ಹೇಳು ಅಂದಾಗ ಮಾತೇ ಹೊರಡಲಿಲ್ಲ. ಅವರು ಕಾದರು. ಹೊರಗೆ ಅಷ್ಟು ಜನ ಕೂತಿದ್ದರೂ ಕಾದರು. ನಿಧಾನಕ್ಕೆ ಹೇಳಿದೆ. ಬೆರಳು ಮಡಚಿಕೊಳ್ಳುವುದು, ತಾಮ್ರದ ರುಚಿ, ಹರಿದ ನಾಲಿಗೆ, ಅದು ಒಂದು. ಬೆಳಕು ಇಳಿಯುವುದು, ಸದ್ದು ದೂರವಾಗುವುದು, ತಣ್ಣನೆಯ ಬೆವರು, ಬಿದ್ದಲ್ಲೇ ಎಚ್ಚರ, ಅದು ಇನ್ನೊಂದು. ಮೊದಲಿನದು ಬರದೆ ಬಹಳ ದಿನವಾಯಿತು. ಗುಳಿಗೆ ಹೆಚ್ಚು ಮಾಡಿದ ಹಾಗೆಲ್ಲ ಎರಡನೆಯದು ಹೆಚ್ಚಾಯಿತು.

ನನ್ನ ಮಾತು ಮುಗಿಯುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ಗಡಿಯಾರ ನೋಡುತ್ತ ಅವರ ಮುಖ ಬದಲಾಯಿತು.

"ಇವ್ರದು ಇಸಿಜಿ ಯಾವಾಗ ಮಾಡ್ಸೀರಿ?" ಎಂದು ನಿಮ್ಮ ಅಪ್ಪನನ್ನು ಕೇಳಿದರು.

"ಅದು ಎದಿಗಿ ಮಾಡೋದಲ್ರೀ? ಇವಳ ಬ್ಯಾನಿ ತಲ್ಯಾಗ ಅದರಿ."

ಇಸಿಜಿ ಮಾಡುವ ಕೋಣೆಯಲ್ಲಿ ಕುಬಸದ ಗುಂಡಿ ಬಿಚ್ಚಬೇಕು ಅಂದಾಗ ನನ್ನ ಕೈ ಏಳಲಿಲ್ಲ. ನರ್ಸ್ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತು, "ಯಾರೂ ಬರಂಗಿಲ್ಲ ಆಯಿ, ನಾ ಇದ್ದೀನಿ," ಅಂದಳು. ಎದೆಗೆ ತಣ್ಣನೆಯ ಬಿಲ್ಲೆಗಳನ್ನು ಹಚ್ಚಿದರು. ಯಂತ್ರದಿಂದ ಗೆರೆ ಎಳೆದ ಕಾಗದ ಹೊರಗೆ ಬಂತು. ಅದನ್ನು ನೋಡಿದ ಡಾಕ್ಟರಮ್ಮ ನನ್ನನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ತಳ್ಳುಗಾಡಿಯಲ್ಲೇ ಒಳಗಿನ ವಾರ್ಡಿಗೆ ಒಯ್ದರು.

ನಿಮ್ಮ ಅಪ್ಪನಿಗೆ ಅವರು ತಿಳಿಸಿ ಹೇಳುವುದನ್ನು ನಾನು ಮಲಗಿಕೊಂಡು ಕೇಳಿದೆ.

"ಎದಿಯೊಳಗೂ ಕರೆಂಟ್ ಹರೀತದ್ರಿ. ಮ್ಯಾಲಿನ ಕೋಣ್ಯಾಗ ಹುಟ್ಟಿ ಕೆಳಗಿನ ಕೋಣಿಗಿ ಇಳೀಬೇಕು, ಆಗ ಎದಿ ಬಡ್ಕೋತದ. ನಿಮ್ಮವ್ವಂದು ನಡುವ ನಿಂತ್ ನಿಂತ್ ಹೋಗ್ಲಕತ್ತದ. ಎದಿ ನಿಧಾನ ಆದಾಗ ತಲಿಗಿ ರಕ್ತ ಸಾಲಂಗಿಲ್ಲ, ಬೀಳ್ತಾರ. ಬಿದ್ದು ಅಡ್ಡ ಆದ್ರು ಅಂದ್ರ ತಲಿಗಿ ರಕ್ತ ಬರ್ತದ, ಏಳ್ತಾರ."

"ಹಂಗಿದ್ರ ಚಾವಿ...?" ಅಂದ ನಿಮ್ಮ ಅಪ್ಪ.

"ಯಾವ ಚಾವಿ?"

ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡ. "ತಲಿಗಿ ಕೊಟ್ಟ ಗುಳಗಿ ಎದಿಗ್ಯಾಕ ಇಳೀತ್ರಿ ಮೇಡಮ್?" ಅಂತ ಕೇಳಿದ.

"ಗುಳಗಿಗಿ ತಲಿ ಯಾವುದು, ಎದಿ ಯಾವುದು ಹ್ಯಾಂಗ ಗೊತ್ತಾಗಬೇಕ್ರಿ? ರಕ್ತ ಹೋದಲ್ಲೆಲ್ಲಾ ಅದು ಹೋಗ್ತದ. ತಲ್ಯಾಗಿನ ಕರೆಂಟ್ ತಣ್ಣಗ ಮಾಡೋ ಗುಳಗಿ ಎದಿ ಕರೆಂಟನ್ನೂ ತಣ್ಣಗ ಮಾಡ್ಬಹುದು. ಎಲ್ಲಾರಿಗೂ ಆಗಂಗಿಲ್ಲ. ಕೆಲವರಿಗಿ ಆಗ್ತದ. ವಯಸ್ಸಾದ ಹೆಣ್ಮಕ್ಕಳ್ದಾಗ ನಾವು ನೋಡ್ತೀವಿ."

ನಾನು ಮಂಚದಿಂದಲೇ, "ಹಂಗಿದ್ರ ಆ ಗುಳಗಿ ಇವತ್ತಿಂದ ಬಿಡ್ಲೇನ್ರಿ?" ಎಂದೆ. ನನ್ನ ಕಡೆ ತಿರುಗಿ ಉತ್ತರ ಹೇಳಿದರು, ಅದು ನನಗೆ ಇಷ್ಟವಾಯಿತು. ಇಲ್ಲಿ ನಮ್ಮ ಕಣ್ಣ ಮುಂದೆ, ಬೇರೆ ಔಷಧ ಶುರು ಮಾಡಿ ನಿಲ್ಲಿಸುತ್ತೇವೆ. ಮನೆಯಲ್ಲಿ ನೀವಾಗಿಯೇ ಬಿಟ್ಟಿದ್ದರೆ ಫಿಟ್ಸ್ ಜೋರಾಗಿ ಬಂದು ಜೀವಕ್ಕೇ ಕುತ್ತಾಗುತ್ತಿತ್ತು ಅಂದರು. ಹೆದರಿಯಾದರೂ ನುಂಗುತ್ತ ಬಂದದ್ದು ಒಳ್ಳೆಯದಾಯಿತು. ಇದನ್ನು ನೀವೂ ನೆನಪಿಡಿ.

ಗುಳಿಗೆ ನಿಂತ ಕೂಡಲೇ ಎದೆ ಸರಿಯಾಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದರ ಅಂಶ ಮೈಯಿಂದ ಇಳಿಯಬೇಕು. ಇಳಿದ ಮೇಲೂ ಎದೆ ಹೀಗೇ ಇದ್ದರೆ ಹೆಗಲ ಕೆಳಗೆ ಚರ್ಮದೊಳಗೆ ಒಂದು ಯಂತ್ರ ಇಡಬೇಕಾಗುತ್ತದೆ ಎಂದರು. ಕಾಯಬೇಕು. ಮತ್ತೆ ಕಾಯುವುದೇ. ತಲೆಯ ಪಕ್ಕದಲ್ಲಿ ಒಂದು ಟಿವಿಯಂಥದು ನನ್ನ ಎದೆಯ ಗೆರೆ ತೋರಿಸುತ್ತಿತ್ತು. ಗೆರೆ ಏಳುವುದು ತಡವಾದಾಗಲೆಲ್ಲ ನಿಮ್ಮ ಅಪ್ಪ ಕುರ್ಚಿಯಿಂದ ಅರ್ಧ ಏಳುತ್ತಿದ್ದ. ಕಂಬದ ಮೇಲೆ ಹತ್ತಿ ಕೆಲಸ ಮಾಡುವವನು, ಆ ಗೆರೆಗೆ ಅಷ್ಟು ಹೆದರಿದ.

ಒಂದು ಮಧ್ಯಾಹ್ನ ಅವನು, "ಅವ್ವಾ, ನೀ ಹೇಳ್ದಾಗ ನಾ ಕೇಳ್ಬೇಕಿತ್ತು," ಅಂದ.

"ಹ್ಞೂಂ, ಕೇಳ್ಬೇಕಿತ್ತು," ಅಂದೆ. ಇರಲಿ ಬಿಡು ಅನ್ನಬಹುದಿತ್ತು, ತಾಯಿ ಅಲ್ಲವೇ. ಅನ್ನಲಿಲ್ಲ. ಇರಲಿ ಬಿಡು ಅನ್ನುವಷ್ಟು ಸಣ್ಣ ವಿಷಯ ಅದು ನನಗೆ ಆಗಿರಲಿಲ್ಲ.

ದಿನ ಕಳೆದಂತೆ ಗೆರೆ ಚುರುಕಾಯಿತು. ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದರು. ಯಂತ್ರ ಬೇಡ ಅಂದರು. ನಾನು ಔರಾದಿನ ತಂಗಿಗೆ ಫೋನ್ ಹಚ್ಚಿ ಅಂದು ಎಷ್ಟು ಮಾತಾಡಿದೆನೆಂದರೆ, ಪಕ್ಕದ ಮಂಚದಾಕೆ "ಈ ಬಾಯಿಗಿ ಬಾಯಿ ಅದ ಅಂತ ಇವತ್ತ ಗೊತ್ತಾಯ್ತು," ಅಂದಳು.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬಂದವರಿಗೆ ನಿಮ್ಮ ಅಪ್ಪ ಹೇಳಿದ್ದು, "ಬೀದರಿಗಿ ಒಯ್ದು ನಾವೇ ಪತ್ತೆ ಹಚ್ಚಿದ್ವಿ" ಅಂತ. ಭಾಲ್ಕಿಯ ಡಾಕ್ಟರರು, ಹೀಗಾಗುವುದು ಅಪರೂಪ, ಅಂದುಕೊಂಡಿರಲಿಲ್ಲ ಅಂದರು. ಅಪರೂಪವೇ ಇರಬಹುದು. ಬಿದ್ದವಳನ್ನು ಕೇಳದೆ ಇರುವುದು ಅಪರೂಪವೇನಲ್ಲ. ಜೈನಬಿ ಶೀರ್‌ಖುರ್ಮಾ ಪಾಯಸ ತಂದು, "ಎದಿದಾಗ್ಲಿ ತಲಿದಾಗ್ಲಿ, ನನ್ನ ಚಾವಿ ನಿಮಗ ಕೆಟ್ಟದ್ದೇನ್ ಮಾಡ್ತು ಹೇಳ್ರಿ?" ಅಂತ ಜಗಳಕ್ಕೆ ನಿಂತಳು. ಅವಳಿಗೆ ಅರ್ಥ ಮಾಡಿಸುವುದನ್ನು ಬಿಟ್ಟು ಶೀರ್‌ಖುರ್ಮಾ ತಿಂದೆ.

ಅದಾಗಿ ಬಹಳ ದಿನಗಳ ಮೇಲೆ, ಕಳೆದ ಚಳಿಗಾಲದಲ್ಲಿ ಮತ್ತೆ ಬಿದ್ದೆ. ಆಗ ನೀವಿಬ್ಬರೂ ಶಾಲೆ ಕಾಲೇಜಿಗೆ ಹೋಗಿದ್ದಿರಿ. ಕಣ್ಣು ತೆರೆದಾಗ ನನಗೆ ಏನೂ ತಿಳಿಯಲಿಲ್ಲ. ಬಾಯಲ್ಲಿ ರಕ್ತದ ರುಚಿ. ಸುತ್ತಲೂ ಮುಖಗಳು, ಹೆಸರು ಹೊಳೆಯವು. ಮತ್ತೆ ನಿದ್ದೆ ಹೋದೆ. ಎಚ್ಚರವಾದಾಗಲೂ ನಿಮ್ಮ ಅಪ್ಪ ಕೆಲಸಕ್ಕೆ ಹೋಗದೆ ಪಕ್ಕದಲ್ಲೇ ಕೂತಿದ್ದ. ಫೋನು ಕೈಯಲ್ಲಿ ಹಿಡಿದಿದ್ದ, ಯಾರಿಗೂ ಮಾಡುತ್ತಿರಲಿಲ್ಲ. ಜೈನಬಿ ಕಾಲ ಬಳಿ ನಿಂತು, "ಫಿಟ್ಸೇ ಇತ್ತು, ನಾ ನೋಡೀನಿ, ಎಷ್ಟೊತ್ತು ಝಾಡಿಸಿದ್ಳು! ಫೋನ್ ಮಾಡೋ ಡಾಕ್ಟರಿಗಿ," ಅನ್ನುತ್ತಿದ್ದಳು.

"ಡಾಕ್ಟರಿಗಿ ಆಗಲೇ ಒಮ್ಮಿ ಹೇಳೀನಿ ಖಾಲಾ. ಉಸಿರು ಸರಿ ಅದ, ಮಲ್ಕೊಳ್ಳಿ, ಎದ್ದ ಮ್ಯಾಲ ಕೇಳಿ ಹೇಳ್ರಿ ಅಂದಾರ. ನೀ ಸ್ವಲ್ಪ ಸುಮ್ಕಿರು." ಅವನು ನನ್ನ ಮುಖದ ಹತ್ತಿರ ಬಾಗಿದ. "ಅವ್ವಾ, ನಾ ಯಾರು?"

"ನನ್ನ ಮಗ," ಅಂದೆ.

"ಯಾವುದು ಬಂದಿತ್ತು? ಅದೋ, ಇದೋ?"

ನಾಲಿಗೆ ಬಾತಿತ್ತು, ಮಾತು ತೊದಲುತ್ತಿತ್ತು. ಬೆರಳು ಮಡಚಿಕೊಂಡದ್ದು ಆಗ ಒಂದೊಂದಾಗಿ ನೆನಪಿಗೆ ಬಂತು. ಇದು ಖರೆಯ ಫಿಟ್ಸ್ ಎಂದು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಜೈನಬಿ ಎರಡು ಸಲ ಬಾಯಿ ಹಾಕಿದಳು, ಅವನು ಕೈಯೆತ್ತಿ ಅವಳನ್ನು ತಡೆದ. ನಾನು ಹೇಳಿ ಮುಗಿಸಿದ ಮೇಲೆ ಎದ್ದು ಬಾಗಿಲಿಗೆ ಹೋಗಿ ಬೀದರಿನ ಡಾಕ್ಟರಮ್ಮನಿಗೆ ಫೋನ್ ಮಾಡಿದ. ಅವನ ಬೆನ್ನು ನನಗೆ ಕಾಣುತ್ತಿತ್ತು. ಕಾಯಿಲೆ ಮತ್ತೆ ಬಂದಿದೆ, ಮತ್ತೆ ಔಷಧ ಬದಲಾಗುತ್ತದೆ, ಮತ್ತೆ ಆ ಹಾಲ್‌ನಲ್ಲಿ ಕಾಯಬೇಕು ಅನ್ನುವುದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಕಿವಿಗೊಟ್ಟು ಕೇಳುತ್ತಿದ್ದುದು ಅವನ ಮೊದಲ ಮಾತನ್ನು.

"ಮೇಡಮ್," ಅಂದ ನಿಮ್ಮ ಅಪ್ಪ, "ಅವ್ವ ಹೇಳ್ಲಕತ್ತಾಳ್ರಿ..."